ಸೀನಿನ ಲೆಕ್ಕ, ಮಂಪರಿನ ಲೆಕ್ಕ

(ದತ್ತಿ ಉಪನ್ಯಾಸದ ಮುದ್ರಿತ ರೂಪ)



ಕ್ಯಾನ್ಸರ್ ಇದೆ, ಹೃದಯದ ಕಾಯಿಲೆ ಇದೆ, ಅವನ್ನೆಲ್ಲ ಬಿಟ್ಟು ಅಲರ್ಜಿ ನೆಗಡಿಯ ಬಗ್ಗೆ ಮಾತಾಡುವುದೇಕೆ ಎಂದು ನನ್ನನ್ನು ಕೇಳಿದವರಿದ್ದಾರೆ. ನೆಗಡಿಯಿಂದ ಯಾರೂ ಸಾಯುವುದಿಲ್ಲ, ನಿಜ. ಆದ್ದರಿಂದಲೇ ಅದರ ಮಾತ್ರೆಯನ್ನು ಯಾರೂ ಪ್ರಶ್ನಿಸುವುದಿಲ್ಲ. ಬೆಳಗ್ಗೆ ಹಾಸಿಗೆ ಮಡಚುವಾಗ ಸಾಲು ಸಾಲಾಗಿ ಸೀನು, ಮೂಗಿನಲ್ಲಿ ನೀರು, ಅಂಗುಳಲ್ಲಿ ತುರಿಕೆ. ಮೂಲೆಯ ಮೆಡಿಕಲ್ ಅಂಗಡಿಗೆ ಹೋಗಿ "ಒಂದು ಸಿಟ್ರಿಜಿನ್ ಕೊಡಿ" ಎಂದರೆ ಮುಗಿಯಿತು. ಅದು ಸಿಗದಿದ್ದರೆ ಅವಿಲ್. ಚೀಟಿ ಬೇಕಿಲ್ಲ, ಪ್ರಶ್ನೆ ಇಲ್ಲ. ಹೀಗೆ ವರ್ಷಗಟ್ಟಲೆ ನುಂಗುವ ಮಾತ್ರೆಯನ್ನು ಒಂದು ಕಾಲದಲ್ಲಿ ಯಾರೋ, ಯಾರ ಮೇಲೋ, ಯಾವುದೋ ಅಳತೆಗೋಲು ಹಿಡಿದು ಪರೀಕ್ಷಿಸಿದ್ದಾರೆ. ಆ ಅಳತೆಗೋಲು ಯಾವುದು, ಅದು ಎಲ್ಲಿ ಸರಿ, ಎಲ್ಲಿ ಸಾಲದು ಎಂಬುದೇ ಇವತ್ತಿನ ವಿಷಯ.

ನಾನು ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮೂಗಿನ ಕಷ್ಟದ ವಿಷಯದಲ್ಲಿ ರೋಗಿಯ ಮಾತಿಗಿಂತ ದೊಡ್ಡ ಸಾಕ್ಷಿ ಇಲ್ಲ. ತನ್ನ ಮಿದುಳು ಎಷ್ಟು ಚುರುಕಾಗಿದೆ ಎಂಬ ವಿಷಯದಲ್ಲಿ ಮಾತ್ರ ಅದೇ ರೋಗಿಯ ಮಾತನ್ನು ನೆಚ್ಚುವಂತಿಲ್ಲ. ಇಂಥ ಮಾತ್ರೆಗಳ, ಅಂದರೆ ಆಂಟಿಹಿಸ್ಟಮಿನ್ ಔಷಧಿಗಳ, ಪರೀಕ್ಷೆಯ ಇತಿಹಾಸವೆಲ್ಲ ಈ ಎರಡು ಸಂಗತಿಗಳನ್ನು ನಿಧಾನವಾಗಿ ಕಲಿತ ಇತಿಹಾಸ.

ಈ ಕಾಯಿಲೆಯನ್ನು ವೈದ್ಯಕೀಯದ ಭಾಷೆಯಲ್ಲಿ ಮೊದಲು ಚೆನ್ನಾಗಿ ಬರೆದಿಟ್ಟವನೇ ಒಬ್ಬ ರೋಗಿ. 1819ರಲ್ಲಿ ಲಂಡನ್ನಿನ ವೈದ್ಯ ಜಾನ್ ಬಾಸ್ಟಕ್ ಪ್ರತಿ ಬೇಸಿಗೆಯಲ್ಲಿ ತನ್ನ ಕಣ್ಣು, ಮೂಗು, ಎದೆಗೆ ಆಗುವ ಪಾಡನ್ನು ವೈದ್ಯರ ಸಭೆಯೊಂದರಲ್ಲಿ ಓದಿದ. ಕಾರಣ ಏನೆಂದು ಅವನಿಗೆ ಹೊಳೆಯಲಿಲ್ಲ. ಬಿಸಿಲಿನ ಮೇಲೆ ಗುಮಾನಿ ಇತ್ತು. ಕಾರಣ ಹಿಡಿದವನು ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ. ಅವನೂ ಇದೇ ಕಾಯಿಲೆಯವನು. ತೋಳಿನ ಚರ್ಮವನ್ನು ಕೆರೆದು ಅಲ್ಲಿ ಹುಲ್ಲಿನ ಪರಾಗ ಒತ್ತಿದ. ಇನ್ನೊಂದು ತೋಳನ್ನೂ ಹಾಗೆಯೇ ಕೆರೆದು ಪರಾಗವಿಲ್ಲದೆ ಬಿಟ್ಟ. ಪರಾಗ ಬಿದ್ದ ತೋಳು ಊದಿತು, ಇನ್ನೊಂದು ಸುಮ್ಮನಿತ್ತು. ಅಂಟು ಬಳಿದ ಗಾಜಿನ ಪಟ್ಟಿಗಳನ್ನು ಗಾಳಿಪಟಕ್ಕೆ ಕಟ್ಟಿ ಸಾವಿರ ಅಡಿಗೂ ಮೇಲೆ ಹಾರಿಸಿ, ಅಲ್ಲಿಯ ಗಾಳಿಯಲ್ಲೂ ಪರಾಗ ಇದೆಯೆಂದು ಎಣಿಸಿ ತೋರಿಸಿದ. ಇದನ್ನೆಲ್ಲ 1873ರಲ್ಲಿ ಪುಸ್ತಕ ಮಾಡಿ ಪ್ರಕಟಿಸಿದ. ಅವನ ಕೆಲಸದಲ್ಲಿ ನನಗೆ ಬಹಳ ಇಷ್ಟವಾದದ್ದು ಗಾಳಿಪಟವಲ್ಲ, ಪರಾಗ ಹಾಕದೆ ಬಿಟ್ಟ ಆ ಇನ್ನೊಂದು ತೋಳು. ಹೋಲಿಸಿ ನೋಡಲು ಏನಾದರೂ ಇಲ್ಲದಿದ್ದರೆ ಊದಿದ್ದು ಪರಾಗದಿಂದಲೋ ಕೆರೆದದ್ದರಿಂದಲೋ ಹೇಳಲಾಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಮುಂದೆ ಬಂದ ದೊಡ್ಡ ದೊಡ್ಡ ಪರೀಕ್ಷೆಗಳೆಲ್ಲ ಆ ತೋಳಿನ ವಿಸ್ತರಣೆಯೇ.

ಪರಾಗ ಮೂಗಿಗೆ ಬಿದ್ದ ಮೇಲೆ ಒಳಗೆ ಏನಾಗುತ್ತದೆ ಎಂಬುದು ತಿಳಿಯಲು ಇನ್ನೂ ಕಾಲ ಹಿಡಿಯಿತು. 1910ರ ಸುಮಾರಿಗೆ ಹೆನ್ರಿ ಡೇಲ್ ಮತ್ತು ಪ್ಯಾಟ್ರಿಕ್ ಲೇಡ್ಲಾ ಹಿಸ್ಟಮಿನ್ ಎಂಬ ಸಣ್ಣ ರಾಸಾಯನಿಕ ದೇಹದಲ್ಲಿ ಏನೇನು ಮಾಡುತ್ತದೆಂದು ವಿವರಿಸಿದರು. 1960ರ ದಶಕದ ಕೊನೆಗೆ ಐಜಿಇ ಎಂಬ ಪ್ರತಿಕಾಯ ಪತ್ತೆಯಾಯಿತು. ಅಲರ್ಜಿ ಇರುವವರ ಮೂಗಿನ ಲೋಳೆಪೊರೆಯಲ್ಲಿ ಮಾಸ್ಟ್ ಕೋಶಗಳಿರುತ್ತವೆ. ಅವುಗಳ ಮೈಮೇಲೆ ಈ ಐಜಿಇ ಅಂಟಿಕೊಂಡು ಕೂತಿರುತ್ತದೆ. ತನಗೆ ಒಗ್ಗದ ಪರಾಗ ಬಂದು ತಗುಲಿದ ಕೂಡಲೇ ಕೋಶ ತನ್ನೊಳಗಿನ ಹಿಸ್ಟಮಿನ್ ಚೆಲ್ಲುತ್ತದೆ. ಅದು ನರದ ತುದಿಯನ್ನು ಕೆಣಕಿದರೆ ತುರಿಕೆ ಮತ್ತು ಸೀನು, ಗ್ರಂಥಿಗಳನ್ನು ತಟ್ಟಿದರೆ ನೀರು, ರಕ್ತನಾಳವನ್ನು ಹಿಗ್ಗಿಸಿದರೆ ಊತ. ಹಿಸ್ಟಮಿನ್ ಕೂರುವ ಜಾಗದಲ್ಲಿ ತಾನು ಕೂತು ಅದನ್ನು ತಡೆಯುವ ಮೊದಲ ವಸ್ತುವನ್ನು 1937ರಲ್ಲಿ ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯಲ್ಲಿ ಡೇನಿಯಲ್ ಬೋವೆ ಮತ್ತು ಆನ್ ಮರಿ ಸ್ಟೌಬ್ ತೋರಿಸಿದರು. ಬೋವೆಗೆ 1957ರಲ್ಲಿ ನೊಬೆಲ್ ಬಂತು. 1940ರ ದಶಕ ಮುಗಿಯುವಷ್ಟರಲ್ಲಿ ಮನುಷ್ಯರಿಗೆ ಕೊಡಬಹುದಾದ ಹಲವು ಮಾತ್ರೆಗಳು ಅಂಗಡಿಗೆ ಬಂದಿದ್ದವು.

ಬಂದವು ಎನ್ನುವುದೇನೋ ಸರಿ, ಅವು ಕೆಲಸ ಮಾಡುತ್ತವೆಂದು ಗೊತ್ತಾದದ್ದು ಹೇಗೆ?

ಒಂದು ದಾರಿ ಚರ್ಮದ ಮೂಲಕ. ಅಲರ್ಜಿ ಕ್ಲಿನಿಕ್ಕಿನಲ್ಲಿ ಚುಚ್ಚು ಪರೀಕ್ಷೆ ಮಾಡಿಸಿಕೊಂಡವರು ಈ ಸಭೆಯಲ್ಲಿ ಇರಬಹುದು. ಮುಂಗೈಯ ಒಳಮೈಯಲ್ಲಿ ಪೆನ್ನಿನಿಂದ ಗುರುತು ಹಾಕಿ, ಒಂದೊಂದು ಗುರುತಿನ ಬಳಿ ಒಂದೊಂದು ಹನಿ ಇಡುತ್ತಾರೆ: ಧೂಳಿನ ನುಸಿ, ಜಿರಲೆ, ಬೇರೆ ಬೇರೆ ಪರಾಗ. ಪ್ರತಿ ಹನಿಯ ಮೂಲಕ ಸಣ್ಣ ಮೊನೆಯಿಂದ ಚರ್ಮವನ್ನು ತುಸುವೇ ಚುಚ್ಚುತ್ತಾರೆ, ರಕ್ತ ಬರಬಾರದು. ಸಾಲಿನಲ್ಲಿ ಎರಡು ಹನಿ ವಿಶೇಷ. ಒಂದು ಬರೀ ಉಪ್ಪುನೀರು, ಅಲ್ಲಿ ಏನೂ ಆಗಬಾರದು. ಇನ್ನೊಂದು ಹಿಸ್ಟಮಿನ್ನೇ, ಅಲ್ಲಿ ಗಂದೆ ಏಳಲೇಬೇಕು. ಕಾಲು ಗಂಟೆ ಕಾದರೆ ಹಿಸ್ಟಮಿನ್ ಹನಿಯ ಜಾಗದಲ್ಲಿ ಬಿಳಿಚಿದ ಸಣ್ಣ ಉಬ್ಬು, ಸುತ್ತ ಕೆಂಪು. ಉಬ್ಬಿಗೆ ಅಳತೆಪಟ್ಟಿ ಹಿಡಿದು ಮಿಲಿಮೀಟರಿನಲ್ಲಿ ಬರೆದುಕೊಳ್ಳುತ್ತಾರೆ. ಹಿಂದಿನ ದಿನ ಸಿಟ್ರಿಜಿನ್ ತೆಗೆದುಕೊಂಡು ಬಂದಿದ್ದರೆ ಹಿಸ್ಟಮಿನ್ ಹನಿಗೂ ಗಂದೆ ಏಳುವುದಿಲ್ಲ, ಪರೀಕ್ಷೆಯೇ ದಂಡ. ಕೆಲವು ದಿನ ಮುಂಚಿತವಾಗಿ ಮಾತ್ರೆ ನಿಲ್ಲಿಸಿ ಬನ್ನಿ ಎನ್ನುವುದು ಇದಕ್ಕೇ.

ಕ್ಲಿನಿಕ್ಕಿಗೆ ತೊಡಕಾಗುವ ಇದೇ ಗುಣ ಔಷಧಿ ತಯಾರಿಸುವವರಿಗೆ ಅನುಕೂಲವಾಯಿತು. ಮಾತ್ರೆ ಕೊಟ್ಟು, ಗಂಟೆಗೊಮ್ಮೆ ಹಿಸ್ಟಮಿನ್ ಚುಚ್ಚಿ, ಗಂದೆ ಎಷ್ಟು ಕುಗ್ಗಿತು, ಎಷ್ಟು ಹೊತ್ತು ಕುಗ್ಗಿಯೇ ಇತ್ತು ಎಂದು ಅಳೆಯಬಹುದು. ದಿನಕ್ಕೆ ಒಂದು ಮಾತ್ರೆ ಸಾಕೋ ಎರಡು ಬೇಕೋ ಎಂಬ ಅಂದಾಜು ಇಲ್ಲಿಂದ ಸಿಗುತ್ತದೆ. ಆದರೆ ಗಂದೆಯನ್ನು ಚೆನ್ನಾಗಿ ಕುಗ್ಗಿಸಿದ ಮಾತ್ರೆ ಅದೇ ಪ್ರಮಾಣದಲ್ಲಿ ನೆಗಡಿಯನ್ನೂ ಇಳಿಸುತ್ತದೆಂಬ ಖಾತರಿ ಇಲ್ಲ. ಚರ್ಮಕ್ಕೆ ನಾವು ಚುಚ್ಚಿದ್ದು ಹಿಸ್ಟಮಿನ್ ಒಂದನ್ನೇ. ಮೂಗಿನಲ್ಲಿ ಲ್ಯೂಕೋಟ್ರೈನ್‌ಗಳೂ ಇತರ ವಸ್ತುಗಳೂ ಕೂಡಿ ಕೆಲಸ ಮಾಡುತ್ತಿರುತ್ತವೆ. ಹಾಗಾಗಿ ಕೊನೆಗೆ ರೋಗಿಯನ್ನೇ ಕೇಳಬೇಕು.

ಕೇಳುವುದಕ್ಕೆ ಒಂದು ಕ್ರಮ ಇದೆ. ನಾಲ್ಕು ಕಷ್ಟಗಳು: ಮೂಗು ಸೋರುವುದು, ಮೂಗು ಕಟ್ಟುವುದು, ತುರಿಕೆ, ಸೀನು. ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಇಲ್ಲವೇ ಇಲ್ಲ ಎಂದರೆ ಸೊನ್ನೆ. ಇದೆ, ಆದರೆ ಅಷ್ಟೇನೂ ಕಾಡುವುದಿಲ್ಲ ಎಂದರೆ 1. ಕಾಡುತ್ತದೆ, ತಡೆದುಕೊಳ್ಳಬಹುದು ಎಂದರೆ 2. ಕೆಲಸ ಅಥವಾ ನಿದ್ದೆ ಕೆಡಿಸುತ್ತದೆ ಎಂದರೆ 3. ಒಟ್ಟು 12. ರೋಗಿ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ತನ್ನ ಡೈರಿಯಲ್ಲಿ ಇದನ್ನು ತುಂಬಬೇಕು. ಕಳೆದ 12 ಗಂಟೆ ಹೇಗಿತ್ತು ಎಂಬುದು ಒಂದು ಸಾಲು, ಈ ಕ್ಷಣ ಹೇಗಿದೆ ಎಂಬುದು ಇನ್ನೊಂದು. ಬೆಳಗಿನ ಎರಡನೇ ಸಾಲು ಬಹಳ ಮುಖ್ಯ. ನಿನ್ನೆ ನುಂಗಿದ ಮಾತ್ರೆಯ ಬಲ 24 ಗಂಟೆ ಮುಗಿಯುವ ಹೊತ್ತಿಗೂ ಉಳಿದಿದೆಯೇ ಎಂಬುದನ್ನು ಹೇಳುವ ಸಾಲು ಅದೊಂದೇ. ಋತುವಿನಲ್ಲಿ ಬರುವ ಅಲರ್ಜಿಗೆ ಸಾಮಾನ್ಯವಾಗಿ ಎರಡು ವಾರ, ವರ್ಷವಿಡೀ ಕಾಡುವುದಕ್ಕೆ ನಾಲ್ಕು ವಾರ ಅಥವಾ ಅದಕ್ಕೂ ಹೆಚ್ಚು ಡೈರಿ ಬರೆಸುತ್ತಾರೆ. ಕೋಟ್ಯಂತರ ರೂಪಾಯಿ ವಹಿವಾಟಿನ ಔಷಧಿಯ ಹಣೆಬರಹ ಇರುವುದು ಗೃಹಿಣಿಯೋ ಗುಮಾಸ್ತನೋ ಮಂಚದ ಅಂಚಿನಲ್ಲಿ ಕೂತು ಬರೆಯುವ ಈ ಅಂಕಿಗಳಲ್ಲಿ. ಆ ಅಂಕಿಗಳನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ. ತುರಿಕೆಯನ್ನು ಹೊರಗಿನಿಂದ ತೋರಿಸುವ ಯಂತ್ರ ಯಾವುದೂ ಇಲ್ಲ.

ಇನ್ನು ಹೋಲಿಕೆಯ ಪ್ರಶ್ನೆ. ಅಲರ್ಜಿ ನೆಗಡಿ ತಾನಾಗಿಯೇ ಏರಿಳಿಯುವ ಕಾಯಿಲೆ. ಒಂದು ಮಳೆ ಬಂದು ಗಾಳಿಯ ಪರಾಗ ನೆಲಕ್ಕಿಳಿದರೆ ಎಲ್ಲರ ಅಂಕವೂ ಇಳಿಯುತ್ತದೆ. ಅದೇ ವಾರ ಮಾತ್ರೆ ಶುರುಮಾಡಿದ್ದರೆ ಕೀರ್ತಿ ಮಾತ್ರೆಗೆ. ಸಾಲದ್ದಕ್ಕೆ, ವೈದ್ಯರು ಗಮನವಿಟ್ಟು ನೋಡುತ್ತಿದ್ದಾರೆ ಎಂಬ ಭಾವನೆಯೇ ಕಷ್ಟವನ್ನು ಒಂದಿಷ್ಟು ತಗ್ಗಿಸುತ್ತದೆ. ಆದ್ದರಿಂದ ಅದೇ ಊರಿನಲ್ಲಿ, ಅದೇ ದಿನಗಳಲ್ಲಿ, ನೋಡಲು ಒಂದೇ ಥರ ಇರುವ ಆದರೆ ಔಷಧಿ ಇಲ್ಲದ ಹುಸಿ ಮಾತ್ರೆಯನ್ನು ಇನ್ನೊಂದು ಗುಂಪಿಗೆ ಕೊಡಬೇಕು. ಯಾರು ಯಾವ ಗುಂಪು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಬೇಕು. ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಅದು ತಿಳಿಯಬಾರದು. ಹೀಗೆ ಮಾಡದಿದ್ದರೆ ಏನಾಗುತ್ತದೆಂಬುದಕ್ಕೆ 1940ರ ದಶಕದ ಕೊನೆಯೇ ಉದಾಹರಣೆ. ಆಂಟಿಹಿಸ್ಟಮಿನ್ ಮಾತ್ರೆ ಮಾಮೂಲಿ ವೈರಸ್ ನೆಗಡಿಯನ್ನೂ ಮೊಳಕೆಯಲ್ಲೇ ಚಿವುಟುತ್ತದೆ ಎಂಬ ಸುದ್ದಿ ಅಮೆರಿಕದಲ್ಲಿ ಹಬ್ಬಿ ಮಾತ್ರೆಗಳು ಭರ್ಜರಿಯಾಗಿ ಖರ್ಚಾದವು. 1950ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸಾವಿರಕ್ಕೂ ಹೆಚ್ಚು ಜನರ ಮೇಲೆ ಹುಸಿ ಮಾತ್ರೆಯ ಜೊತೆ ಹೋಲಿಸಿ ನೋಡಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ವಾರ ಕಳೆದರೆ ನೆಗಡಿ ಹೇಗೂ ಹೋಗುತ್ತಿತ್ತು.

ಹವಾಮಾನದ ಕಾಟ ತಪ್ಪಿಸಲು ಸಂಶೋಧಕರು ಬೇರೆ ಉಪಾಯಗಳನ್ನೂ ಮಾಡಿದರು. ಪರಾಗದ ಕಾಲದಲ್ಲಿ ರೋಗಿಗಳನ್ನೆಲ್ಲ ಒಂದು ಉದ್ಯಾನದಲ್ಲಿ ದಿನವಿಡೀ ಕೂರಿಸಿ ಡೈರಿ ಬರೆಸಿದರು. ವಿಯೆನ್ನಾದಲ್ಲಿ, ಕೆನಡಾದ ಕಿಂಗ್‌ಸ್ಟನ್ನಿನಲ್ಲಿ ವಿಶೇಷ ಕೋಣೆಗಳನ್ನೇ ಕಟ್ಟಿದರು. ಗಾಳಿಯಲ್ಲಿ ಇಷ್ಟೇ ಪರಾಗ ಇರಬೇಕೆಂದು ಗೊತ್ತುಮಾಡಿ ಹರಡಿ, ಒಳಗೆ ಕೂತವರಿಂದ ಸ್ವಲ್ಪ ಸ್ವಲ್ಪ ಹೊತ್ತಿಗೆ ಅಂಕ ಬರೆಸುತ್ತಾರೆ. ಮಾತ್ರೆ ನುಂಗಿ ಎಷ್ಟು ಹೊತ್ತಿಗೆ ಗುಣ ಕಾಣುತ್ತದೆಂದು ನಿಖರವಾಗಿ ತಿಳಿಯಲು ಇದು ಒಳ್ಳೆಯ ದಾರಿ. ಆದರೆ ಯಾರೂ ಕೋಣೆಯಲ್ಲಿ ಬದುಕುವುದಿಲ್ಲವಲ್ಲ, ಹೊರಗಿನ ಪರೀಕ್ಷೆ ಬೇಕೇ ಬೇಕು.

ಇಷ್ಟೆಲ್ಲ ಮಾಡಿದ ಮೇಲೆ ಸಿಕ್ಕ ಉತ್ತರ? ಔಷಧಿ ಕೆಲಸ ಮಾಡುತ್ತದೆ, ಅದರಲ್ಲಿ ಸಂದೇಹ ಬೇಡ. ಆದರೆ ಹುಸಿ ಮಾತ್ರೆ ತೆಗೆದುಕೊಂಡವರ ಅಂಕವೂ ಇಳಿಯುತ್ತದೆ. ಹಲವು ಪರೀಕ್ಷೆಗಳಲ್ಲಿ ಎರಡು ಗುಂಪುಗಳ ನಡುವಿನ ಅಂತರ 12ರಲ್ಲಿ ಸುಮಾರು ಒಂದು ಅಂಕ ಅಥವಾ ಅದಕ್ಕೂ ಕಡಿಮೆ. ಸರಾಸರಿ ಒಂದು ಅಂಕ ಎಂದರೆ ಕೆಲವರಿಗೆ ದೊಡ್ಡ ನೆಮ್ಮದಿ, ಕೆಲವರಿಗೆ ಏನೂ ಇಲ್ಲ ಎಂದರ್ಥ. ಸೀನು, ತುರಿಕೆ, ಸೋರುವಿಕೆ ಚೆನ್ನಾಗಿ ಇಳಿಯುತ್ತವೆ. ಮೂಗು ಕಟ್ಟುವುದು ಅಷ್ಟಾಗಿ ಇಳಿಯುವುದಿಲ್ಲ. "ಸಿಟ್ರಿಜಿನ್ ತಿಂದರೂ ರಾತ್ರಿ ಬಾಯಲ್ಲಿ ಉಸಿರಾಡಬೇಕು ಡಾಕ್ಟ್ರೇ" ಎನ್ನುವ ರೋಗಿ ಸುಳ್ಳು ಹೇಳುತ್ತಿಲ್ಲ. ಅಂಥವರಿಗೆ ಮೂಗಿಗೆ ಸಿಂಪಡಿಸುವ ಸ್ಟೀರಾಯ್ಡ್ ಸ್ಪ್ರೇ ಹೆಚ್ಚು ಗುಣ ಕೊಡುತ್ತದೆ. ಮಾತ್ರೆ ಮತ್ತು ಸ್ಪ್ರೇಗಳನ್ನು ಹೋಲಿಸಿದ 16 ಪರೀಕ್ಷೆಗಳನ್ನು ಒಟ್ಟುಗೂಡಿಸಿದ 1998ರ ವಿಶ್ಲೇಷಣೆ ಇದನ್ನು ಸ್ಪಷ್ಟವಾಗಿ ತೋರಿಸಿತು. ಇಂಥ ಹೋಲಿಕೆಯನ್ನು ಕಣ್ಣುಕಟ್ಟಿ ಮಾಡುವ ಬಗೆ ನೋಡಿ: ಪ್ರತಿಯೊಬ್ಬರಿಗೂ ಮಾತ್ರೆ, ಸ್ಪ್ರೇ ಎರಡನ್ನೂ ಕೊಡುತ್ತಾರೆ, ಎರಡರಲ್ಲಿ ಒಂದು ಹುಸಿ. ನಮ್ಮವರಿಗೆ ಸ್ಟೀರಾಯ್ಡ್ ಎಂಬ ಹೆಸರು ಕೇಳಿದರೆ ಭಯ. ವೈದ್ಯರು ಹೇಳಿದ ಪ್ರಮಾಣದಲ್ಲಿ ಮೂಗಿಗಷ್ಟೇ ಹಾಕಿಕೊಳ್ಳುವ ಸ್ಪ್ರೇ, ವರ್ಷಗಟ್ಟಲೆ ಮಂಪರು ತರಿಸುವ ಮಾತ್ರೆಗಿಂತ ಸುರಕ್ಷಿತ ಎಂದು ಈ ವೇದಿಕೆಯಿಂದ ಗಟ್ಟಿಯಾಗಿ ಹೇಳಬಯಸುತ್ತೇನೆ.

ಮಂಪರಿನ ವಿಷಯಕ್ಕೆ ಬಂದೆವು. ಹಿಸ್ಟಮಿನ್ ಮೂಗಿನಲ್ಲಿ ತಂಟೆಕೋರ. ಮಿದುಳಿನಲ್ಲಿ ನಮ್ಮನ್ನು ಎಚ್ಚರವಾಗಿಡುವುದು ಅದೇ. ಅವಿಲ್, ಕ್ಲೋರ್‌ಫೆನಿರಮಿನ್, ಡೈಫೆನ್‌ಹೈಡ್ರಮಿನ್‌ನಂಥ ಹಳೆಯ ಮಾತ್ರೆಗಳು ಮಿದುಳಿಗೆ ಸಲೀಸಾಗಿ ನುಗ್ಗುತ್ತವೆ. ಮೊದಮೊದಲ ಪರೀಕ್ಷೆಗಳಲ್ಲಿ ಇದನ್ನೂ ರೋಗಿಯನ್ನು ಕೇಳಿಯೇ ತಿಳಿಯುತ್ತಿದ್ದರು: "ನಿದ್ದೆ ಬರುತ್ತದೆಯೇ?" ಇಲ್ಲ ಎಂದರೆ ಇಲ್ಲ ಎಂದು ಬರೆದುಕೊಳ್ಳುತ್ತಿದ್ದರು.

ಆ ಪ್ರಶ್ನೆ ಎಷ್ಟು ದುರ್ಬಲ ಎಂದು ತೋರಿಸಿದ ಪರೀಕ್ಷೆಗಳಲ್ಲಿ ಅಯೋವಾ ವಿಶ್ವವಿದ್ಯಾಲಯದ ಒಂದನ್ನು ನಾನು ವಿದ್ಯಾರ್ಥಿಗಳಿಗೆ ತಪ್ಪದೆ ಪಾಠ ಮಾಡುತ್ತೇನೆ. ಅದು ಪ್ರಕಟವಾದದ್ದು 2000ದಲ್ಲಿ. ಅಲರ್ಜಿ ನೆಗಡಿಯ 40 ಜನರನ್ನು ಕಾರಿನ ಸಿಮ್ಯುಲೇಟರಿನಲ್ಲಿ ಕೂರಿಸಿದರು. ಪ್ರತಿಯೊಬ್ಬರೂ ವಾರಕ್ಕೊಂದರಂತೆ ನಾಲ್ಕು ಸಲ ಬಂದರು. ಒಂದು ವಾರ ಹೊಸ ಕಾಲದ ಫೆಕ್ಸೊಫೆನಡಿನ್, ಒಂದು ವಾರ 50 ಮಿಲಿಗ್ರಾಂ ಡೈಫೆನ್‌ಹೈಡ್ರಮಿನ್, ಒಂದು ವಾರ ರಕ್ತದಲ್ಲಿ 0.1 ಶೇಕಡಾ ಆಗುವಷ್ಟು ಮದ್ಯ, ಒಂದು ವಾರ ಹುಸಿ. ಮುಂದಿನ ಕಾರಿನ ವೇಗಕ್ಕೆ ಹೊಂದಿಕೊಂಡು ಹಿಂಬಾಲಿಸುವುದು, ಗೆರೆ ದಾಟದಿರುವುದು, ದಿಢೀರನೆ ಅಡ್ಡ ಬಂದ ವಾಹನಕ್ಕೆ ಪ್ರತಿಕ್ರಿಯಿಸುವುದು, ಇವನ್ನೆಲ್ಲ ಯಂತ್ರ ಬರೆದುಕೊಂಡಿತು. ಫೆಕ್ಸೊಫೆನಡಿನ್ ತೆಗೆದುಕೊಂಡವರು ಹುಸಿ ಮಾತ್ರೆಯವರಂತೆಯೇ ಓಡಿಸಿದರು. ಎಲ್ಲಕ್ಕಿಂತ ಕೆಟ್ಟದಾಗಿ ಓಡಿಸಿದ್ದು ಡೈಫೆನ್‌ಹೈಡ್ರಮಿನ್ ವಾರದಲ್ಲಿ, ಮದ್ಯದ ವಾರಕ್ಕಿಂತಲೂ ಕೆಟ್ಟದಾಗಿ. ಜೊತೆಗೆ, ತಮಗೆ ಎಷ್ಟು ನಿದ್ದೆ ಬರುತ್ತಿದೆ ಎಂದು ಅವರು ಹೇಳಿದ್ದಕ್ಕೂ ಅವರು ಓಡಿಸಿದ ರೀತಿಗೂ ಸರಿಯಾದ ತಾಳೆಯೇ ಇರಲಿಲ್ಲ.

ನೆದರ್ಲೆಂಡ್ಸ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನಿಜವಾದ ಹೆದ್ದಾರಿಯಲ್ಲೇ 100 ಕಿಲೋಮೀಟರ್ ಕಾರು ಓಡಿಸಿ, ಪಕ್ಕದಲ್ಲಿ ಬ್ರೇಕ್ ಇರುವ ತರಬೇತುದಾರನನ್ನು ಕೂರಿಸಿ, ಕಾರು ತನ್ನ ಪಥದಲ್ಲಿ ಎಷ್ಟು ಸೆಂಟಿಮೀಟರ್ ಅತ್ತಿತ್ತ ಓಲಾಡುತ್ತದೆಂದು ಅಳೆದರು. ಜಪಾನಿನ ತೊಹೊಕು ವಿಶ್ವವಿದ್ಯಾಲಯದವರು ಪೆಟ್ ಸ್ಕ್ಯಾನಿನಲ್ಲಿ ಮಿದುಳನ್ನೇ ನೋಡಿದರು. 2 ಮಿಲಿಗ್ರಾಂ ಕ್ಲೋರ್‌ಫೆನಿರಮಿನ್ ಅಲ್ಲಿ ಹಿಸ್ಟಮಿನ್ ಕೂರುವ ಗ್ರಾಹಕಗಳಲ್ಲಿ ಸುಮಾರು ಅರ್ಧವನ್ನು ಆಕ್ರಮಿಸಿತ್ತು. ಫೆಕ್ಸೊಫೆನಡಿನ್ ಬಹುತೇಕ ಒಳಗೆ ಹೋಗಿರಲೇ ಇಲ್ಲ. ಸೆಟಿರಿಜಿನ್, ಅಂದರೆ ಅಂಗಡಿಯಲ್ಲಿ ನಾವು ಕೇಳುವ ಸಿಟ್ರಿಜಿನ್, ನಡುವೆ ಎಲ್ಲೋ, ಪ್ರಮಾಣ ಹೆಚ್ಚಿದಂತೆ ಹೆಚ್ಚು. "ರಾತ್ರಿ ನುಂಗಿದರೆ ಬೆಳಗ್ಗೆಗೆ ಇಳಿದಿರುತ್ತೆ ಬಿಡಿ" ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಕ್ಲೋರ್‌ಫೆನಿರಮಿನ್ ದೊಡ್ಡವರ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 20 ಗಂಟೆ ಬೇಕು. ಬೆಳಗ್ಗೆ ಬಸ್ಸಿನ ಸ್ಟಿಯರಿಂಗ್ ಹಿಡಿಯುವವನ ಮೈಯಲ್ಲಿ ರಾತ್ರಿಯ ಮಾತ್ರೆ ಇನ್ನೂ ಇರುತ್ತದೆ.

ಹಾಗೆಂದು ಮಾತ್ರೆಯೇ ಬೇಡ ಎನ್ನುವವರಿಗೂ ಒಂದು ಉತ್ತರ ಇದೆ. ಬ್ರಿಟನ್ನಿನ 1,834 ಶಾಲಾ ಮಕ್ಕಳನ್ನು ಕುರಿತ 2007ರ ಅಧ್ಯಯನದಲ್ಲಿ, ಚಳಿಗಾಲದ ಪೂರ್ವಸಿದ್ಧತಾ ಪರೀಕ್ಷೆಗೂ ಪರಾಗದ ಕಾಲದ ಅಂತಿಮ ಪರೀಕ್ಷೆಗೂ ನಡುವೆ ದರ್ಜೆ ಕುಸಿಯುವ ಸಂಭವ ನೆಗಡಿಯ ಕಷ್ಟ ಇದ್ದವರಲ್ಲಿ ಶೇಕಡಾ 40ರಷ್ಟು ಹೆಚ್ಚಿತ್ತು. ಮಂಪರು ತರಿಸುವ ಮಾತ್ರೆ ನುಂಗಿ ಬಂದವರಲ್ಲಿ ಅದು ಶೇಕಡಾ 70ರಷ್ಟು. ಎಸ್ಸೆಸ್ಸೆಲ್ಸಿ ಮಕ್ಕಳ ತಾಯ್ತಂದೆಯರು ಈ ಎರಡು ಅಂಕಿಗಳನ್ನು ನೆನಪಿಟ್ಟುಕೊಳ್ಳಲಿ. ಕಾಯಿಲೆಯನ್ನು ಹಾಗೇ ಬಿಟ್ಟರೂ ನಷ್ಟ, ತಪ್ಪು ಮಾತ್ರೆ ಕೊಟ್ಟರೆ ಇನ್ನೂ ನಷ್ಟ.

ಔಷಧಿಯ ಪರೀಕ್ಷೆಯಲ್ಲಿ ಕೇಳದೇ ಬಿಟ್ಟ ಪ್ರಶ್ನೆಯಿಂದ ಜೀವವೇ ಹೋದದ್ದೂ ಇದೆ. ಮಂಪರಿಲ್ಲದ ಮೊದಲ ಮಾತ್ರೆಯೆಂದು ಹೆಸರಾದ ಟರ್ಫೆನಡಿನ್ 1985ರಲ್ಲಿ ಅಮೆರಿಕಕ್ಕೆ ಬಂತು. ಪರೀಕ್ಷೆಗಳಲ್ಲೆಲ್ಲ ಚೆನ್ನಾಗಿ ಗೆದ್ದಿತ್ತು. ಆದರೆ ಇಂಥ ಪರೀಕ್ಷೆಗಳಿಗೆ ಸೇರಿಸಿಕೊಳ್ಳುವುದು ಸಾಮಾನ್ಯವಾಗಿ ಬೇರೆ ಕಾಯಿಲೆ, ಬೇರೆ ಔಷಧಿ ಇಲ್ಲದವರನ್ನು. ಟರ್ಫೆನಡಿನ್ ಹೊಟ್ಟೆಗೆ ಹೋದ ಮೇಲೆ ಯಕೃತ್ತು ಅದನ್ನು ಬೇಗ ಬೇರೊಂದು ವಸ್ತುವಾಗಿ ಮಾರ್ಪಡಿಸುತ್ತದೆ. ಗುಣ ಕೊಡುವುದು ಆ ವಸ್ತುವೇ. ಶಿಲೀಂಧ್ರ ಸೋಂಕಿಗೆ ಕೊಡುವ ಕೀಟೊಕೊನಜೋಲ್ ಅಥವಾ ಬ್ಯಾಕ್ಟೀರಿಯಾ ಸೋಂಕಿಗೆ ಕೊಡುವ ಎರಿತ್ರೊಮೈಸಿನ್ ಜೊತೆಗೆ ನುಂಗಿದರೆ ಯಕೃತ್ತಿನ ಆ ಕೆಲಸ ನಿಲ್ಲುತ್ತದೆ, ಮಾರ್ಪಡದ ಟರ್ಫೆನಡಿನ್ ರಕ್ತದಲ್ಲಿ ಏರಿ ಹೃದಯದ ಬಡಿತವನ್ನು ಅಪಾಯಕಾರಿಯಾಗಿ ಕೆಡಿಸುತ್ತದೆ. 1990ರಲ್ಲಿ ಅಂಥ ಒಂದು ಪ್ರಕರಣ ವಿವರವಾಗಿ ಪ್ರಕಟವಾಯಿತು. ಎಚ್ಚರಿಕೆಗಳು ಬಂದವು, ಸಾವುಗಳೂ ವರದಿಯಾದವು. 1998ರ ಹೊತ್ತಿಗೆ ಅಮೆರಿಕದ ಮಾರುಕಟ್ಟೆಯಿಂದ ಔಷಧಿ ಹೊರಬಿತ್ತು. ಯಕೃತ್ತು ತಯಾರಿಸುತ್ತಿದ್ದ ಆ ಇನ್ನೊಂದು ವಸ್ತುವನ್ನೇ ಮಾತ್ರೆ ಮಾಡಿದರು, ಅದೇ ಫೆಕ್ಸೊಫೆನಡಿನ್.

ಎರಡು ವಾರದ ಡೈರಿಗೆ ಸಿಗದ ಸಂಗತಿಗಳು ಇನ್ನೂ ಇವೆ. ಸೆಟಿರಿಜಿನ್, ಲೆವೊಸೆಟಿರಿಜಿನ್‌ಗಳನ್ನು ತಿಂಗಳುಗಟ್ಟಲೆ ದಿನವೂ ತೆಗೆದುಕೊಂಡು ನಿಲ್ಲಿಸಿದ ಕೆಲವರಿಗೆ ಒಂದೆರಡು ದಿನದಲ್ಲೇ ಮೈಯೆಲ್ಲ ತೀವ್ರ ತುರಿಕೆ ಏಳುತ್ತದೆಂದು ಅಮೆರಿಕದ ಔಷಧ ನಿಯಂತ್ರಕರು 2025ರ ಮೇ ತಿಂಗಳಲ್ಲಿ ಎಚ್ಚರಿಸಿದರು. ವಿರಳ, ಆದರೆ ನಿಜ. ಮಾತ್ರೆ ಬಿಟ್ಟ ಮೇಲೆ ಏನಾಯಿತೆಂದು ಕೇಳುವ ಸಾಲು ಆ ಡೈರಿಯಲ್ಲಿ ಇರಲಿಲ್ಲ. ನಮ್ಮಲ್ಲಿ ಲೆವೊಸೆಟಿರಿಜಿನ್ ಜೊತೆ ಮಾಂಟೆಲುಕಾಸ್ಟ್ ಎಂಬ ಇನ್ನೊಂದು ಬಗೆಯ ಔಷಧಿ ಸೇರಿಸಿದ ಜೋಡಿ ಮಾತ್ರೆಯನ್ನು ಧಾರಾಳವಾಗಿ ಬರೆಯುತ್ತಾರೆ. ಮಾಂಟೆಲುಕಾಸ್ಟ್ ಮನಸ್ಸಿನ ಸ್ಥಿತಿಯನ್ನು ಕೆಡಿಸಬಹುದೆಂದು ಅದೇ ನಿಯಂತ್ರಕರು 2020ರಲ್ಲಿ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿ, ಬೇರೆ ಔಷಧಿ ಆಗದವರಿಗಷ್ಟೇ ನೆಗಡಿಗೆ ಕೊಡಿ ಎಂದಿದ್ದಾರೆ. ಮಗು ಕಾರಣವಿಲ್ಲದೆ ಸಿಡುಕಿದರೆ, ಕೆಟ್ಟ ಕನಸು ಕಂಡು ಎದ್ದು ಕೂತರೆ ಚೀಟಿಯನ್ನೊಮ್ಮೆ ತೆಗೆದು ನೋಡಿ.

ಕೊನೆಯದಾಗಿ ನಮ್ಮ ಊರು. ಬೆಂಗಳೂರಿನ ಖಾಲಿ ಸೈಟುಗಳಲ್ಲಿ, ರೈಲ್ವೆ ಹಳಿಯ ಪಕ್ಕದಲ್ಲಿ ಮೊಣಕಾಲೆತ್ತರ ಬೆಳೆದು ಬಿಳಿ ಹೂ ಬಿಡುವ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಚರ್ಮಕ್ಕೆ ತುರಿಕೆ ತರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಅದರ ಪರಾಗ ಮೂಗಿಗೂ ಶತ್ರು ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ವಿ. ಸುಬ್ಬರಾವ್ ಮತ್ತು ಸಂಗಡಿಗರು ಸಾಬೀತು ಮಾಡಿದರು. 1991ರಲ್ಲಿ ಪ್ರಕಟವಾದ ಅವರ ಸಮೀಕ್ಷೆಯಲ್ಲಿ ನೆಗಡಿಯ ರೋಗಿಗಳ ಪೈಕಿ ಶೇಕಡಾ 34ರಷ್ಟು ಜನರ ಚರ್ಮದಲ್ಲಿ ಈ ಪರಾಗಕ್ಕೆ ಗಂದೆ ಎದ್ದಿತ್ತು. ಯುರೋಪಿನ ಪರೀಕ್ಷೆಗಳು ಹೆಚ್ಚಾಗಿ ನಡೆದಿರುವುದು ಕೆಲವೇ ವಾರ ಹೂ ಬಿಡುವ ಹುಲ್ಲು, ಬರ್ಚ್ ಮರಗಳ ಕಾಲದಲ್ಲಿ. ನಮ್ಮ ಕಾಂಗ್ರೆಸ್ ಗಿಡಕ್ಕೆ ಒಂದು ಮಳೆ ಬಿದ್ದರೆ ಸಾಕು, ಮತ್ತೆ ಹೂ. ಮನೆಯೊಳಗೆ ವರ್ಷವಿಡೀ ಧೂಳಿನ ನುಸಿ. ಎರಡು ವಾರದ ಲೆಕ್ಕ ನಮಗೆ ಸಾಲದು.

ಆದ್ದರಿಂದ ನನ್ನದೊಂದು ಬೇಡಿಕೆ, ಈ ಸಭೆಯಲ್ಲಿರುವ ವೈದ್ಯಕೀಯ ಕಾಲೇಜುಗಳ ಅಧ್ಯಾಪಕರಿಗೆ. ನಮ್ಮ ರೋಗಿಗಳ ಮೇಲೆ, ಮೊದಲೇ ಸರ್ಕಾರಿ ನೋಂದಣಿಯಲ್ಲಿ ಉದ್ದೇಶ ಬರೆದಿಟ್ಟು, ಒಂದಿಡೀ ವರ್ಷ ನಡೆಯುವ ಪರೀಕ್ಷೆ ಮಾಡಿ. ಡೈರಿ ಕನ್ನಡದಲ್ಲಿರಲಿ, ಓದಲು ಬಾರದವರಿಗೆ ಚಿತ್ರಗಳಿರಲಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ತಿನ್ನುವವರನ್ನು ಹೊರಗಿಡಬೇಡಿ; ನಾಳೆ ಈ ಔಷಧಿಯನ್ನು ನುಂಗುವವರು ಅವರೇ. ಮಾತ್ರೆ ನಿಲ್ಲಿಸಿದ ಮೇಲೂ ಕೆಲವು ವಾರ ಡೈರಿ ಮುಂದುವರಿಯಲಿ. ಆಟೋ ಚಾಲಕರನ್ನು, ಪವರ್‌ಲೂಮ್ ನಡೆಸುವವರನ್ನು, ರಾತ್ರಿ ಪಾಳಿಯ ನರ್ಸ್‌ಗಳನ್ನು ಸೇರಿಸಿಕೊಳ್ಳಿ. ಅವರ ಸೀನು, ತುರಿಕೆಗಳ ಲೆಕ್ಕವನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ಎಚ್ಚರದ ಲೆಕ್ಕಕ್ಕೆ ಮಾತ್ರ ದೀಪ ಹೊತ್ತಿದ ಕೂಡಲೇ ಗುಂಡಿ ಒತ್ತುವ ಸರಳ ಯಂತ್ರ ಇದೆಯಲ್ಲ, ಅದನ್ನು ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅವರ ಕೈಗೆ ಕೊಡಿ.